ಮಾವನವರ ಮೂರನೆಯ ಇಂಜಿನ್

ನಮ್ಮ ಮಾವನವರು ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ, "ಗಾಡಿ ಇನ್ನೇನ ಹೊಂಡತೈತಿ" ಎಂಬ ಒಂದು ಮಾತನ್ನು ಬಿಟ್ಟರೆ. ಆ ಮಾತನ್ನು ಮಾತ್ರ ಬೆಳಗಿನ ಚಹಾಕ್ಕೊಮ್ಮೆ, ಮಧ್ಯಾಹ್ನದ ಊಟಕ್ಕೊಮ್ಮೆ, ದೀಪ ಹಚ್ಚುವ ಹೊತ್ತಿಗೊಮ್ಮೆ ತಪ್ಪದೆ ಹೇಳುತ್ತಿದ್ದರು. ಹೇಳುವಾಗ ಮುಖದಲ್ಲಿ ಎಂಥ ನಂಬಿಕೆ! ಕೇಳಿದವರು ಚೀಲ ಹಿಡಿದು ಎದ್ದು ನಿಲ್ಲಬೇಕು, ಹಾಗೆ. ನಾನು ಸೊಸೆಯಾಗಿ ಹೋದ ಹೊಸದರಲ್ಲಿ ನಿಜವಾಗಿಯೂ ಎದ್ದು ನಿಂತಿದ್ದೆ. ಪಂಚಮಿಯ ಉಂಡಿ ಕಟ್ಟಿಕೊಂಡು ತವರಿಗೆ ಹೋಗಬೇಕಿತ್ತು. ಬೆಳಿಗ್ಗೆ ನಿಂತವಳು ಸಂಜೆಯವರೆಗೂ ಕೂಡುತ್ತಾ ಏಳುತ್ತಾ ಇದ್ದೆ. ಕೊನೆಗೆ ನಮ್ಮತ್ತೆ ಬಂದು ಕೈಯಲ್ಲಿದ್ದ ಚೀಲ ಇಸಿದುಕೊಂಡು, "ಒಳಗ ನಡೀ ತಂಗಿ, ಉಂಡಿ ಕೆಡತಾವು. ನಾವ ತಿಂದು ಬಿಡೂಣು" ಎಂದರು.

ಅದು ಎರಡನೆಯ ಮಹಾಯುದ್ಧದ ಕಾಲ. ನಾನು ಧಾರವಾಡದ ಸಾಲಿ ಮಾಸ್ತರರ ಮಗಳು. ನನ್ನನ್ನು ಕೊಟ್ಟದ್ದು ಹುಬ್ಬಳ್ಳಿಯ ಬೆಂಗೇರಿ ಕಡೆಗಿದ್ದ ಹತ್ತಿ ವ್ಯಾಪಾರಿಗಳ ಮನೆಗೆ. ಮಾವನವರು ವ್ಯಾಪಾರವನ್ನೆಲ್ಲ ನಮ್ಮ ಯಜಮಾನರ ಕೊರಳಿಗೆ ಕಟ್ಟಿ, ತಮ್ಮನ್ನು ಹಿತ್ತಲಿನ ಗಾಡಿಗೆ ಕಟ್ಟಿಕೊಂಡಿದ್ದರು. ಗಾಡಿ ಎಂದರೆ ಒಂದು ಸಣ್ಣ ಲಾರಿ. ಮುಂದೆ ಇಬ್ಬರು ಒತ್ತಿಕೊಂಡು ಕೂರುವಷ್ಟು ಗೂಡು, ಹಿಂದೆ ನಾಲ್ಕು ಮಗ್ಗುಲೂ ಹಲಗೆ ಹೊಡೆದ ತೆರೆದ ತೊಟ್ಟಿ. ಯಾವ ಕಾಲದಲ್ಲೋ ಅಮೆರಿಕದಿಂದ ಹಡಗಿನಲ್ಲಿ ಬಂದದ್ದಂತೆ. ಮುಚ್ಚಿಹೋದ ಒಂದು ಹತ್ತಿ ಜಿನ್ನಿನ ಕಾರ್ಖಾನೆಯ ಹಿಂದೆ, ಎಕ್ಕದ ಗಿಡಗಳ ನಡುವೆ ಬಿದ್ದಿದ್ದ ಅದನ್ನು ಮಾವನವರು ತಂದರು. ತರಲು ಹೋದಾಗ ಅದರ ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಮರಿಯಾಗುವವರೆಗೆ ಗಾಡಿ ಮುಟ್ಟಬೇಡಿರೆಂದು ಹೇಳಿ ಬರಿಗೈಯಲ್ಲಿ ಮರಳಿದರು. ದಿನಾ ಸಂಜೆ ಹೋಗಿ ನೋಡಿ ಬರುತ್ತಿದ್ದರು. ಕೋಳಿಯನ್ನೋ ಗಾಡಿಯನ್ನೋ ಎಂದು ಅತ್ತೆ ಕೇಳುತ್ತಿದ್ದರು.

ಆ ಕಾಲದಲ್ಲಿ ಮಾವ ಸೊಸೆಯೊಡನೆ ಎದುರೆದುರು ಮಾತಾಡುವ ರೂಢಿ ಇರಲಿಲ್ಲ. ಹೇಳುವುದಿದ್ದರೆ ಅತ್ತೆಯ ಮೂಲಕ ಹೇಳಿಸಬೇಕು. ಬೇರೆ ಮನೆಗಳಲ್ಲಿ ಮಾವಂದಿರು ಗೋಡೆಗೆ ಹೇಳುತ್ತಿದ್ದರು, ಕಂಬಕ್ಕೆ ಹೇಳುತ್ತಿದ್ದರು. ನಮ್ಮವರು ಗಾಡಿಗೆ ಹೇಳುತ್ತಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರೆ, ಅವರು ಗಾಡಿಯ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡೇ, "ಇವತ್ತ ಝುಣಕದಾಗ ಉಪ್ಪು ಒಂದೀಟು ಜಾಸ್ತಿ ಆಗಿತ್ತು ನೋಡಪಾ" ಎನ್ನುವರು. ಗಾಡಿ ಸುಮ್ಮನಿರುತ್ತಿತ್ತು. ಮರುದಿನ ನಾನು ಉಪ್ಪು ಕಡಿಮೆ ಮಾಡುತ್ತಿದ್ದೆ.

ಮೊದಲನೆಯ ಇಂಜಿನ್ ಗಾಡಿಯ ಜೊತೆಗೇ ಬಂದದ್ದು. ಅದರಲ್ಲಿ ಜೀವವಿದೆ ಎಂದು ಮಾವನವರು, ಇಲ್ಲ ಎಂದು ಇಮಾಮಸಾಬ. ಈ ಇಮಾಮಸಾಬ ಹುಬ್ಬಳ್ಳಿಯ ಮಿಸ್ತ್ರಿ. ಮೋಟಾರುಗಳನ್ನು ರಿಪೇರಿ ಮಾಡುವುದು ಅವನ ಕಸುಬು, ಆಗುವುದಿಲ್ಲ ಎನ್ನುವುದು ಅವನ ಸ್ವಭಾವ. ಮಾವನವರು ಏನು ಹೇಳಿದರೂ ಮೊದಲು ತಲೆಯಾಡಿಸಿ, "ಆಗಂಗಿಲ್ರೀ ಸಾವ್ಕಾರ್ರ" ಎಂದು ಹೇಳಿಯೇ ಅಂಗಿಯ ತೋಳು ಮಡಿಚುತ್ತಿದ್ದ. ಇಬ್ಬರೂ ಒಂದೇ ವಾರಿಗೆಯವರು. ದಿನವಿಡೀ ಜಗಳ, ಜಗಳದ ನಡುವೆ ಚಹಾ. ಚಹಾ ತಂದಿಡುವುದು ನನ್ನ ಪಾಲಿನ ಕೆಲಸ.

ಒಂದು ದಿನ ಮಾವನವರು ಗಾಡಿಯ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುವಿದರು. ಆ ಹಳೆಯ ಗಾಡಿಗಳನ್ನು ಹಾಗೆಯೇ ಹೊತ್ತಿಸಬೇಕು. ಇಂಜಿನ್ ಹೊತ್ತಲಿಲ್ಲ. ಆದರೆ ಹ್ಯಾಂಡಲ್ ಮಾತ್ರ ಉಲ್ಟಾ ತಿರುಗಿ ಅವರ ಬಲಗೈ ಮಣಿಕಟ್ಟಿಗೆ ಬಡಿಯಿತು. ಎಲುಬು ಮುರಿಯಿತು. ಪಟ್ಟಿ ಕಟ್ಟಿಸಿಕೊಂಡು ಬಂದವರಿಗೆ ಅತ್ತೆಯೇ ರೊಟ್ಟಿ ಮುರಿದು ಉಣಿಸಬೇಕಾಯಿತು. ಅತ್ತೆ ಒಂದೊಂದು ತುತ್ತಿಗೂ ಒಂದೊಂದು ಬೈಗುಳ ಸೇರಿಸಿ ಬಾಯಿಗಿಡುತ್ತಿದ್ದರು. ಮಾವನವರು ಎರಡನ್ನೂ ಸಮಾಧಾನದಿಂದ ಅಗಿಯುತ್ತ, ಇಷ್ಟು ಜೋರಾಗಿ ಒದ್ದಿದೆ ಎಂದರೆ ಇಂಜಿನ್ನಿಗೆ ಇನ್ನೂ ಕಸುವಿದೆ ಎಂದು ವಿವರಿಸಿದರು. ಕೈ ಕೂಡಿದ ಮೇಲೆ ಬಿಚ್ಚಿ ನೋಡಿದರೆ ಅದರ ಎರಕದ ಮೈ ಮೇಲಿನಿಂದ ಕೆಳಗಿನವರೆಗೂ ಸೀಳಿತ್ತು. ಸತ್ತ ಇಂಜಿನ್ನು ಒದೆಯುತ್ತದೆಯೇ? ನಮ್ಮ ಮಾವನವರಿಗಾಗಿ ಒದ್ದಿತ್ತು.

ಎರಡನೆಯದು ಕಾರಿನ ಇಂಜಿನ್. ದೇಸಗತಿ ಮನೆಯೊಂದರ ಹಳೆಯ ಕಾರು ದನದ ಕೊಟ್ಟಿಗೆಯಲ್ಲಿ ಧೂಳು ಕುಡಿಯುತ್ತಿತ್ತು. ಅದರ ಇಂಜಿನ್ನನ್ನು ಬಿಚ್ಚಿಕೊಂಡು ಬಂದ ಮಾವನವರು ಬದಲಿಗೆ ನಮ್ಮ ಮನೆಯ ಒಂದು ಜೋಡಿ ಎತ್ತುಗಳನ್ನು ಅಲ್ಲಿಯೇ ಕಟ್ಟಿ ಬಂದಿದ್ದರು. ಅತ್ತೆ ಮೇವು ಹಾಕುವ ಖಾಲಿ ಗ್ವಾದಲಿಯ ಮುಂದೆ ನಿಂತು ಎತ್ತುಗಳೆಲ್ಲಿ ಎಂದು ಕೇಳಿದಾಗ ಮಾವನವರ ಮುಖ ಅರಳಿತು.

"ಎರಡ ಎತ್ತು ಕೊಟ್ಟು ಇಪ್ಪತ್ತು ಕುದುರಿ ತಂದೇನಿ. ಇಪ್ಪತ್ತು ಕುದುರಿ ಕಸುವು ಐತಿ ಇದರಾಗ."

ಅತ್ತೆ ಇಂಜಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, "ಇಪ್ಪತ್ತರಾಗ ಒಂದರ ಸಗಣಿ ಹಾಕತೈತೇನು? ನನಗ ಕುಳ್ಳು ಬಡೀಬೇಕಾಗೇತಿ" ಎಂದು ಕೇಳಿದರು.

ಆ ಇಪ್ಪತ್ತು ಕುದುರೆಗಳು ಕಾರಿನಲ್ಲಿ ನಾಲ್ಕು ಮಂದಿ ಸಾಹುಕಾರರನ್ನು ಎಳೆದುಕೊಂಡು ಬೆಳೆದವು. ಲಾರಿಯ ಮೈ ಕಂಡು ಅವಕ್ಕೆ ಎದೆ ಒಡೆದಿರಬೇಕು. ಗಾಡಿ ಹೊರಟಿತು, ಇಲ್ಲವೆನ್ನಲಾರೆ. ಬೆಂಗೇರಿಯ ಜನ ಬಾಗಿಲಿಗೆ ಬಂದು ನೋಡಿದರು. ಆದರೆ ಹತ್ತಿ ಹೇರಿಕೊಂಡು ಧಾರವಾಡದ ಕಡೆಗೆ ಹೊರಟಾಗ ಸಣ್ಣ ಏರು ಬಂದರೂ ಸಾಕು, ಬಂಡಿಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಕೊನೆಗೊಂದು ಏರಿನಲ್ಲಿ ಇಂಜಿನ್ನಿನೊಳಗಿನ ಒಂದು ದಂಡ ಮುರಿದು ಹೊಟ್ಟೆ ಒಡೆದುಕೊಂಡು ಹೊರಗೇ ಬಂದಿತು. ಗಾಡಿಯನ್ನು ಮನೆಗೆ ಎಳೆಸಬೇಕಲ್ಲ? ದಾರಿಯಲ್ಲಿ ಹೋಗುತ್ತಿದ್ದ ಒಂದು ಬಂಡಿಯವನನ್ನು ಕೇಳಿಕೊಂಡರು. ಅವನು ದೇಸಗತಿ ಮನೆಯ ಆಳು. ಅವನು ಎತ್ತು ಬಿಚ್ಚಿ ಗಾಡಿಗೆ ಹೂಡಿದ ಮೇಲೆ ಮಾವನವರಿಗೆ ಗುರುತು ಸಿಕ್ಕಿತು. ಎತ್ತುಗಳಿಗೆ ಮೊದಲೇ ಸಿಕ್ಕಿತ್ತು. ದಾರಿ ತೋರಿಸುವ ಕೆಲಸವೇ ಬೀಳಲಿಲ್ಲ; ನೇರ ನಮ್ಮ ಹಿತ್ತಲಿಗೆ ಬಂದು ನಿಂತವು. ಅತ್ತೆ ಅವುಗಳಿಗೆ ಮಾತ್ರ ಹಿಂಡಿ ಹಾಕಿ, ನೀರು ಕುಡಿಸಿ, ಬೆನ್ನು ಸವರಿ ಕಳಿಸಿದರು. ಮಾವನವರಿಗೆ ಅಂದು ಚಹಾ ಕೂಡ ತಡವಾಗಿ ಬಂತು.

ಇಷ್ಟಾದ ಮೇಲೆ ಯಾರಾದರೂ ಸುಮ್ಮನಾಗುತ್ತಾರೆ. ಇವರು ಮೂರನೆಯ ಇಂಜಿನ್ ತಂದರು. ಕಣಿವೆಗೆ ಉರುಳಿದ್ದ ಯಾವುದೋ ದೊಡ್ಡ ಲಾರಿಯದಂತೆ. ಮೊದಲಿನ ಎರಡೂ ಇಂಜಿನ್ನುಗಳು ಇದರ ಮಕ್ಕಳಂತೆ ಕಾಣುತ್ತಿದ್ದವು. ಇಮಾಮಸಾಬ ದಾರದಿಂದ ಅಳೆದು, ಇಂಜಿನ್ ಗಾಡಿಯ ಮೂತಿಗಿಂತ ಉದ್ದ ಇದೆ, ಮುಂದಿನ ಮುಚ್ಚಳ ಕೂರುವುದಿಲ್ಲ, ಆಗಂಗಿಲ್ಲ ಎಂದ. ಮುಚ್ಚಳವಿಲ್ಲದೆ ಓಡಿಸಿದರೆ ಯಾರ ಮರ್ಯಾದೆ ಹೋಗುತ್ತದೆ ಎಂದು ಮಾವನವರು ಕೇಳಿದರು. ಅಷ್ಟರಲ್ಲಿ ಮುಂಗಾರು ಹತ್ತಿರ ಬಂದಿತ್ತು. ಮಳೆಯಲ್ಲಿ ನೆನೆಯಬಾರದೆಂದು ಇಂಜಿನ್ನನ್ನು ಪಡಸಾಲೆಗೆ ತಂದು ಅಲ್ಲಿಯೇ ಬಿಚ್ಚಿದರು. ಅತ್ತೆ ಪೂಜೆಗೆ ಕೂರುವ ಜಾಗದಿಂದ ಒಂದು ಮಾರು ದೂರ. ಮನೆಯ ತಟ್ಟೆ ಬಟ್ಟಲುಗಳಲ್ಲಿ ಒಂದೊಂದರಲ್ಲೂ ಒಂದೊಂದು ಕಬ್ಬಿಣದ ತುಂಡು ಸೀಮೆಎಣ್ಣೆಯಲ್ಲಿ ನೆನೆಯುತ್ತಿತ್ತು. ಅತ್ತೆ ಕತ್ತಲೆಯ ಮೂಲೆಯಲ್ಲಿ ಉಪ್ಪಿನಕಾಯಿ ಭರಣಿಗೆ ಕೈ ಹಾಕಿ ಹೊರಗೆ ತೆಗೆದರೆ ಎರಡು ಬೋಲ್ಟು. ಅವರು ಅವನ್ನು ತೊಳೆದು ಮಾವನವರ ಊಟದ ತಾಟಿನಲ್ಲಿ, ಉಪ್ಪಿನಕಾಯಿ ಬಡಿಸುವ ಜಾಗದಲ್ಲೇ ಇಟ್ಟರು. ಮಾವನವರಿಗೆ ಎಷ್ಟು ಸಂತೋಷವಾಯಿತೆಂದರೆ, ಊಟ ಬಿಟ್ಟೆದ್ದು ಅವನ್ನು ಜೋಡಿಸಲು ಹೋದರು. ಎರಡು ದಿನದಿಂದ ಹುಡುಕುತ್ತಿದ್ದರಂತೆ.

ಇಲ್ಲಿಯವರೆಗೆ ನಗುವ ಮಾತಾಯಿತು. ಮುಂದಿನದಕ್ಕೆ ನಗು ಬರಲು ನನಗೆ ಬಹಳ ವರ್ಷ ಬೇಕಾದವು. ಪೂರ್ತಿ ಬಂದಿದೆ ಎಂದು ಈಗಲೂ ಹೇಳಲಾರೆ.

ಇಂಜಿನ್ ಜೋಡಿಸಿಯಾದ ಮೇಲೆ ಅದನ್ನು ಎತ್ತಿ ಗಾಡಿಗೆ ಇಳಿಸಬೇಕಲ್ಲ. ಹಿತ್ತಲಿನ ಬೇವಿನ ಮರದ ಕೊಂಬೆಗೆ ರಾಟೆ ಕಟ್ಟಿ, ಸರಪಳಿ ಹಾಕಿ, ಒಂದು ತುದಿಗೆ ಇಂಜಿನ್ ಬಿಗಿದರು. ಇನ್ನೊಂದು ತುದಿಯನ್ನು ಮಾವನವರೂ ಒಬ್ಬ ಹಮಾಲನೂ ಹಿಡಿದು ಎಳೆದರು. ಇಂಜಿನ್ ನೆಲ ಬಿಟ್ಟು ಎದೆಮಟ್ಟಕ್ಕೆ ಏರಿತು. ಆಗ ಅದರ ತಳದಿಂದ ಎಣ್ಣೆ ಜಿನುಗುವುದು ಕಂಡಿತು. ಇಮಾಮಸಾಬ ಒಂದು ಮರದ ದಿಮ್ಮಿಯನ್ನು ಆಸರೆಗೆ ನಿಲ್ಲಿಸಿ, ತಾನು ಅಂಗಾತ ಮಲಗಿ, ತಳದ ಬೋಲ್ಟು ಬಿಗಿಯಲು ಕೆಳಗೆ ಸರಿದ. ನಾನು ಚಹಾದ ತಟ್ಟೆ ಹಿಡಿದು ಹಿತ್ತಲ ಬಾಗಿಲಿಗೆ ಬಂದಿದ್ದೆ.

ಕೊಂಬೆ ಲಟಕ್ಕೆಂದಿತು. ಇಂಜಿನ್ ಒಂದು ಗೇಣು ಕುಸಿದು, ಆಸರೆಯ ದಿಮ್ಮಿಯನ್ನು ಕೆಡವಿ, ಮತ್ತೆ ನಿಂತಿತು. ಬಿದ್ದ ದಿಮ್ಮಿ ಇಮಾಮಸಾಬನ ತೊಡೆಯ ಮೇಲಿತ್ತು. ಅವನಿಗೆ ಸರಿಯಲು ಬರಲಿಲ್ಲ. ಹಮಾಲ ಮುರಿಯುವ ಕೊಂಬೆಯನ್ನು ನೋಡಿ ಸರಪಳಿ ಬಿಟ್ಟು ಹಾರಿದ. ಮಾವನವರು ಬಿಡಲಿಲ್ಲ. ಸರಪಳಿಯನ್ನು ನಡುವಿಗೆ ಸುತ್ತಿಕೊಂಡು ಹಿಂದಕ್ಕೆ ಬಾಗಿ ನಿಂತರು. ಅವರ ಕಾಲುಗಳು ಹೊಸ ಮಳೆಯ ಕೆಸರಿನಲ್ಲಿ ಇಂಚಿಂಚಾಗಿ ಮುಂದಕ್ಕೆ ಜಾರುತ್ತಿದ್ದವು. ಒಂದು ಗೇಣು ಜಾರಿದರೆ ಇಂಜಿನ್ನೂ ಒಂದು ಗೇಣು ಇಳಿಯುತ್ತಿತ್ತು. ಇಮಾಮಸಾಬ ಕೂಗಲಿಲ್ಲ. ಕಣ್ಣು ಬಿಟ್ಟು ಮೇಲೆ ನೋಡುತ್ತ ಏನೋ ಮೆಲ್ಲಗೆ ಹೇಳಿಕೊಳ್ಳುತ್ತಿದ್ದ.

ಆಗ ಮಾವನವರು ನನ್ನ ಕಡೆ ತಿರುಗಿದರು. ಗಾಡಿಯ ಕಡೆಗಲ್ಲ, ಗೋಡೆಯ ಕಡೆಗಲ್ಲ, ನನ್ನ ಕಡೆಗೆ. "ಯವ್ವಾ, ಅಂಡಿಗಿ ಉಳ್ಳಸು. ಅಂಡಿಗಿ."

ಗೋಡೆಗೆ ಒರಗಿಸಿದ್ದ ಹತ್ತಿಯ ಅಂಡಿಗೆ, ಆಳುದ್ದದ ತುಂಬಿದ ಚೀಲ, ಕಣ್ಣಿಗೆ ಬಿತ್ತು. ಚಹಾದ ತಟ್ಟೆ ಎಲ್ಲಿ ಬಿತ್ತೋ ತಿಳಿಯದು. ನಾನು ಅಂಡಿಗೆಗೆ ಭುಜ ಕೊಟ್ಟೆ. ಅದು ಅಲುಗಲಿಲ್ಲ. ಹಿಂದಿನಿಂದ ಇನ್ನೆರಡು ಕೈಗಳು ಬಂದು ಒತ್ತಿದವು, ಅತ್ತೆ. ಇಬ್ಬರೂ ಸೇರಿ ಅದನ್ನು ಉರುಳಿಸಿಕೊಂಡು ಹೋಗಿ ಇಮಾಮಸಾಬನ ಮಗ್ಗುಲಿಗೆ, ಇಂಜಿನ್ನಿನ ಅಡಿಗೆ ನೂಕಿದೆವು. ಅದೇ ಗಳಿಗೆಗೆ ಕೊಂಬೆ ಪೂರ್ತಿ ಮುರಿಯಿತು. ಇಂಜಿನ್ ಹತ್ತಿಯ ಮೇಲೆ ಕೂತಿತು. ಹತ್ತಿ ಹೂಂ ಎಂದು ಉಸಿರು ಬಿಟ್ಟು ತಗ್ಗಿತು, ತಗ್ಗಿ ನಿಂತಿತು. ಆ ಕಬ್ಬಿಣಕ್ಕೂ ಇಮಾಮಸಾಬನ ಎದೆಗೂ ನಡುವೆ ಒಂದು ಅಂಗೈ ತೂರುವಷ್ಟು ಜಾಗ ಉಳಿದಿತ್ತು.

ದಿಮ್ಮಿ ಸರಿಸಿ ಅವನನ್ನು ಎಳೆದು ಕೂರಿಸಿದೆವು. ಅವನು ನೀರು ಕುಡಿದು, ಮರವನ್ನು ನೋಡಿ, "ಆಗಂಗಿಲ್ಲ ಅಂದಿದ್ದೆನ್ರಿ" ಎಂದ. ಮಾವನವರು ಸರಪಳಿ ಬಿಚ್ಚಿಕೊಂಡು ಅವನ ಪಕ್ಕದಲ್ಲೇ ಕೆಸರಿನಲ್ಲಿ ಕೂತರು. ಅವರ ನಡುವಿನ ಸುತ್ತ ಸರಪಳಿಯ ಬಾಸುಂಡೆ ಎದ್ದು ರಕ್ತ ಒಸರುತ್ತಿತ್ತು.

ಅತ್ತೆ ಅಂದು ಬೈಯಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು. ಬಾಸುಂಡೆಗೆ ಎಣ್ಣೆ ಅರಿಶಿನ ಹಚ್ಚಿ, ಕೈ ತೊಳೆದುಕೊಂಡು ಬಂದು, ಮೆಲ್ಲಗೆ ಹೇಳಿದರು: "ಇವತ್ತ ಒಂದು ಮನಿ ದೀಪ ಆರತಿತ್ತು. ಈ ಮನ್ಯಾಗ ಇನ್ನ ಅದು ಇರಬೇಕು, ಇಲ್ಲಾ ನಾ ಇರಬೇಕು. ಯಾವುದು ಅಂತ ಹೇಳ್ರಿ."

ಮಾವನವರು ಬಹಳ ಹೊತ್ತು ವಿಚಾರ ಮಾಡಿದರು. ಆಮೇಲೆ ಖರೇನೇ ಗೊತ್ತಾಗದವರಂತೆ ಕೇಳಿದರು: "ಅದು ಅಂದ್ರ ಯಾವುದು? ಇಂಜಿನ್ನೋ, ಇಡೀ ಗಾಡಿನೋ?"

ಅತ್ತೆ ಮರುದಿನವೇ ಸೀರೆ ಗಂಟು ಕಟ್ಟಿಕೊಂಡು ಅಣ್ಣನ ಮನೆಗೆ, ಉಪ್ಪಿನಬೆಟಗೇರಿಗೆ ಹೋದರು.

ಮಾವನವರು ತಪ್ಪು ಒಪ್ಪಿಕೊಳ್ಳುವ ಜಾತಿಯವರಲ್ಲ, ಕರೆಯಲು ಹೋಗುವ ಜಾತಿಯವರಂತೂ ಅಲ್ಲವೇ ಅಲ್ಲ. ಗಾಡಿ ತಯಾರಾಗಲಿ, ಅದರಲ್ಲೇ ಕೂರಿಸಿಕೊಂಡು ಬರುತ್ತೇನೆ ಎಂದರು. ಅತ್ತೆಯಿಂದ ಬಂದ ಉತ್ತರ, ಆ ಗಾಡಿಯಲ್ಲಿ ತಮ್ಮ ಹೆಣವೂ ಕೂರುವುದಿಲ್ಲ ಎಂದು. ಯಜಮಾನರು ನಡುವೆ ಓಡಾಡಿ ಸೋತರು. ಊಟಕ್ಕೆ ಕೂತಾಗ ಮಾವನವರ ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಗಿ ಬರುತ್ತಿತ್ತು. ಬೈಗುಳವಿಲ್ಲದ ರೊಟ್ಟಿ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲವೆಂದು ಕಾಣುತ್ತದೆ. ಕಂಬ ನೆಟ್ಟು, ಇಮಾಮಸಾಬನನ್ನು ದೂರ ನಿಲ್ಲಿಸಿ, ಇಂಜಿನ್ನನ್ನು ಕೊನೆಗೂ ಗಾಡಿಗೆ ಇಳಿಸಿದರು. ಆದರೆ ಕೈಯಲ್ಲಿ ಹುರುಪಿರಲಿಲ್ಲ. ಇಂಜಿನ್ನನ್ನು ತಣಿಸುವ ನೀರಿನ ಕೊಳವೆ ಸಿಗದೆ ಸೈಕಲ್ ಟ್ಯೂಬು ಕತ್ತರಿಸಿ ಕಟ್ಟಿದ್ದರು. ಮುಚ್ಚಳ ಹೇಗೂ ಕೂರಲಿಲ್ಲ. ಇಂಜಿನ್ ಒಮ್ಮೆಯೂ ಹೊತ್ತಿರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ, ಜಿಟಿಜಿಟಿ ಮಳೆಯಲ್ಲಿ, ಉಪ್ಪಿನಬೆಟಗೇರಿಯಿಂದ ಅತ್ತೆಯ ಅಣ್ಣನ ಆಳು ಸೈಕಲ್ ಮೇಲೆ ಬಂದ. ಅತ್ತೆಗೆ ಹಿಂದಿನ ದಿನದಿಂದ ಬಲಹೊಟ್ಟೆಯಲ್ಲಿ ತಡೆಯಲಾಗದ ನೋವು, ವಾಂತಿ, ಮೈ ಕೆಂಡ. ಊರ ವೈದ್ಯರು ನಾಡಿ ಹಿಡಿದು ನೋಡಿ, ಧಾರವಾಡದ ದೊಡ್ಡ ದವಾಖಾನೆಗೆ ಒಯ್ಯಿರಿ, ತಡ ಮಾಡಬೇಡಿರಿ ಎಂದಿದ್ದಾರೆ. ಬಂಡಿಯಲ್ಲಿ ಮಲಗಿಸಿದರೆ ಒಂದು ಹೊಲ ದಾಟುವಷ್ಟರಲ್ಲಿ ನೋವಿಗೆ ಎಚ್ಚರ ತಪ್ಪಿತು. ಎರೆಮಣ್ಣಿನ ದಾರಿಯಲ್ಲಿ ಎತ್ತುಗಳ ಕಾಲು ಹೂತು ಸಂಜೆಗೂ ಮುಟ್ಟುವುದಿಲ್ಲ. ಪೆಟ್ರೋಲಿನ ಕಟ್ಟುನಿಟ್ಟಿನಲ್ಲಿ ಸರ್ವಿಸ್ ಮೋಟಾರು ನಿಂತೇ ಹೋಗಿತ್ತು. ಯಜಮಾನರು ಹತ್ತಿ ಕೊಳ್ಳಲು ಗದಗಿಗೆ ಹೋಗಿದ್ದರು.

ಮಾವನವರು ಏನನ್ನೂ ಕೇಳದೆ ಹಿತ್ತಲಿಗೆ ನಡೆದು ಹ್ಯಾಂಡಲ್ ಸಿಕ್ಕಿಸಿದರು. ಇಮಾಮಸಾಬ ಬಂದವನು ಅಂದು ಆಗಂಗಿಲ್ಲ ಎನ್ನಲಿಲ್ಲ. ಮುರಿದು ಕೂಡಿದ ಆ ಬಲಗೈಯಿಂದಲೇ ಮಾವನವರು ತಿರುವಿದರು. ಇಲ್ಲ. ಮತ್ತೆ ತಿರುವಿದರು. ಇಲ್ಲ. ಇಮಾಮಸಾಬ ತಿರುವಿದ. ಮತ್ತೆ ಮಾವನವರು. ಅವರ ಮುಖದ ಮೇಲಿನದು ಮಳೆಯ ನೀರೋ ಬೆವರೋ ಗೊತ್ತಾಗುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು, ನನಗೆ ಗೊತ್ತಿದ್ದ ದೇವರನ್ನೆಲ್ಲ ಆ ಕಬ್ಬಿಣದ ಹೊಟ್ಟೆಯೊಳಗೆ ಕಳಿಸುತ್ತಿದ್ದೆ. ಆಮೇಲೆ ಅದು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಕಪ್ಪು ಹೊಗೆ ಉಗುಳಿ, ಇಡೀ ಹಿತ್ತಲನ್ನು ನಡುಗಿಸಿ, ಹೊತ್ತಿಕೊಂಡಿತು. ಯಾರೂ ಸಂತೋಷಪಡಲಿಲ್ಲ. ಅಷ್ಟು ಪುರುಸೊತ್ತಿರಲಿಲ್ಲ.

ಹೆಂಗಸರೊಬ್ಬರು ಬೇಕೆಂದು ನಾನು ಹತ್ತಿದೆ. ಹಾಸಿಗೆ, ತಾಡಪತ್ರಿ ಹೇರಿದೆವು. ತೆರೆದ ಇಂಜಿನ್ನಿನ ಮೇಲೆ ಮಳೆ ಬಿದ್ದರೆ ಅದು ನಿಂತುಬಿಡುತ್ತದಲ್ಲ? ಇಮಾಮಸಾಬ ಮುಂದಿನ ಗಾಲಿಯ ಮಡ್ಗಾರ್ಡಿನ ಮೇಲೆ ಕಾಲು ಇಳಿಬಿಟ್ಟು ಕೂತು, ಇಂಜಿನ್ನಿಗೆ ಕೊಡೆ ಹಿಡಿದ. ಹಾಗೆಯೇ ನಾವು ಹುಬ್ಬಳ್ಳಿ ಬಿಟ್ಟೆವು. ಹಾಗೆಯೇ ಧಾರವಾಡದ ಪೇಟೆಯನ್ನು ದಾಟಿದೆವು. ಮಳೆಯಲ್ಲಿ ತಾನು ತೊಯ್ದು ತಪ್ಪಡಿಯಾಗಿ, ಲಾರಿಗೆ ಕೊಡೆ ಹಿಡಿದು ಕೂತ ಗಡ್ಡದ ಮನುಷ್ಯನನ್ನು ನನ್ನ ತವರೂರಿನ ಜನ ಬಾಯಿ ತೆರೆದು ನೋಡಿದರು. ಬೇರೆ ದಿನವಾಗಿದ್ದರೆ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಉಪ್ಪಿನಬೆಟಗೇರಿಯಲ್ಲಿ ಅತ್ತೆಯ ಗುರುತೇ ನನಗೆ ಸಿಗಲಿಲ್ಲ. ಒಂದೇ ದಿನಕ್ಕೆ ಮುಖ ಬಾಡಿ ಇಷ್ಟಾಗಿತ್ತು. ಮಾವನವರು ಹೊಸ್ತಿಲಲ್ಲಿ ನಿಂತರು. ಅತ್ತೆ ಕಣ್ಣು ತೆರೆದು, ಅವರನ್ನೂ ಅವರ ಹಿಂದೆ ಗುಡುಗುತ್ತಿದ್ದ ಗಾಡಿಯನ್ನೂ ನೋಡಿ, ಮತ್ತೆ ಕಣ್ಣು ಮುಚ್ಚಿದರು. ಹಾಸಿಗೆಯ ಸಮೇತ ಎತ್ತಿ ತೊಟ್ಟಿಯಲ್ಲಿ ಮಲಗಿಸಿದೆವು. ತಲೆ ನನ್ನ ತೊಡೆಯ ಮೇಲೆ, ಮೇಲೆ ತಾಡಪತ್ರಿ. ಮಾವನವರು ತಗ್ಗುದಿಣ್ಣೆಗಳನ್ನು ತಪ್ಪಿಸಿ, ಹಾಲಿನ ಕೊಡ ಹೊತ್ತವರಂತೆ ಓಡಿಸಿದರು. ಅವರು ಅಷ್ಟು ಮೆಲ್ಲಗೆ ಏನನ್ನಾದರೂ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬರುವಾಗ ಮೊಣಕಾಲು ಮುಳುಗದಷ್ಟಿದ್ದ ಹಳ್ಳ ಈಗ ಕೆಂಪಾಗಿ ಏರಿತ್ತು. ನಿಂತು ವಿಚಾರ ಮಾಡಿದರೆ ಇನ್ನೂ ಏರುತ್ತದೆ. ಮಾವನವರು ಇಳಿಸಿಯೇಬಿಟ್ಟರು. ನೀರು ಗಾಲಿಯ ನಡುವಿಗೆ ಬಂತು. ನಡುಹಳ್ಳದಲ್ಲಿ ತೊಟ್ಟಿಯ ಹಲಗೆಯ ಸಂದಿನಿಂದ ನೀರು ಚಿಮ್ಮಿ ಹಾಸಿಗೆಯ ಅಂಚು ತೊಯ್ದಿತು. ಗಾಡಿ ಹೊಯ್ದಾಡಿ ಆಚೆ ದಂಡೆ ಹಿಡಿಯಿತು. ನಾನು ಉಸಿರು ಬಿಡಬೇಕು, ಏರಿನ ಅರ್ಧಕ್ಕೆ ಇಂಜಿನ್ ಎರಡು ಸಲ ಬಿಕ್ಕಿ ನಿಂತೇಹೋಯಿತು. ಗಾಡಿ ಹಿಂದಕ್ಕೆ ಜಾರಿ ನೀರಂಚಿನ ಉಸುಕಿನಲ್ಲಿ ನಿಂತಿತು.

ಇಮಾಮಸಾಬ ಮಡ್ಗಾರ್ಡಿನ ಮೇಲಿಂದಲೇ ಕೂಗಿ ಹೇಳಿದ್ದು ಇಷ್ಟು: ಪೆಟ್ರೋಲು ತಳ ಕಂಡಿದೆ. ಆ ಗಾಡಿಯಲ್ಲಿ ಪೆಟ್ರೋಲಿನ ಡಬ್ಬಿ ಸೀಟಿನ ಕೆಳಗೆ. ಅಲ್ಲಿಂದ ಅದು ನೀರು ಹರಿದಂತೆ ಇಳಿದು ಮುಂದಿನ ಇಂಜಿನ್ನಿಗೆ ಹೋಗಬೇಕು. ಗಾಡಿಯ ಮೂತಿ ಮೇಲಾದರೆ ಇಂಜಿನ್ನೇ ಎತ್ತರವಾಗಿ, ಇದ್ದ ಸ್ವಲ್ಪವೂ ಅದಕ್ಕೆ ಏರುವುದಿಲ್ಲ. ಮೂತಿ ಕೆಳಗಾಗಬೇಕು. ಎಂದರೆ ಗಾಡಿ ತಿರುಗಿಸಿ, ಏರನ್ನು ಹಿಮ್ಮುಖವಾಗಿ ಹತ್ತಬೇಕು.

ಹಿಂದೆ ಹಳ್ಳ ಏರುತ್ತಿತ್ತು. ಉಸುಕಿನ ಆ ಇಷ್ಟೇ ಇಷ್ಟು ಜಾಗದಲ್ಲಿ ಇಬ್ಬರೂ ಹ್ಯಾಂಡಲ್ ತಿರುವಿ ಇಂಜಿನ್ ಹೊತ್ತಿಸಿದರು. ಮಾವನವರು ಮುಂದೆ ಹಿಂದೆ ಮಾಡಿ, ಒಮ್ಮೆ ಮುಂದಿನ ಗಾಲಿಗಳನ್ನು ಪೂರ್ತಿ ನೀರಿಗಿಳಿಸಿ, ಮೂತಿಯನ್ನು ಹಳ್ಳದ ಕಡೆಗೆ ತಿರುಗಿಸಿದರು. ಆದರೆ ತಾಡಪತ್ರಿಯ ಗೂಡಿನಿಂದಾಗಿ ಅವರಿಗೆ ಹಿಂದಿನ ದಾರಿ ಕಾಣುವಂತಿಲ್ಲ. ದಾರಿಯ ಒಂದು ಮಗ್ಗುಲು ಕೊರಕಲು.

"ಯವ್ವಾ, ನೀ ನೋಡಿ ಹೇಳು. ನೀ ಹೇಳಿದಂಗ ತಿರುವತೇನಿ" ಎಂದರು.

ನಾನು ಜೀವಮಾನದಲ್ಲಿ ಒಂದು ಸೈಕಲ್ಲನ್ನೂ ನಡೆಸಿದವಳಲ್ಲ. ಒಂದು ಕೈಯಲ್ಲಿ ಅತ್ತೆಯ ತಲೆ, ಇನ್ನೊಂದು ಕೈಯಲ್ಲಿ ತಾಡಪತ್ರಿಯ ಅಂಚು ಎತ್ತಿ ಹಿಡಿದು, ಎಡಕ್ಕ ಮಾವಾರ, ಬಲಕ್ಕ ಮಾವಾರ, ಸಾಕು, ಇನ್ನ ನೆಟ್ಟಗ ಎಂದು ಕೂಗುತ್ತಾ ಹೋದೆ. ಇಂಜಿನ್ ಅರಚುತ್ತಿತ್ತು. ಒಮ್ಮೆ ಹಿಂದಿನ ಗಾಲಿ ಕೊರಕಲಿನ ಅಂಚಿನ ಮಣ್ಣನ್ನು ಕೆಡವಿತು. ಹೆಂಟೆಗಳು ಕೆಳಗೆ ನೀರಿಗೆ ಬಿದ್ದ ಸಪ್ಪಳ ಕೇಳಿತು. ನನಗೆ ಎಡ ಯಾವುದು ಬಲ ಯಾವುದು ಮರೆತೇ ಹೋದ ಗಳಿಗೆಯಲ್ಲಿ ತೊಡೆಯ ಮೇಲಿನಿಂದ ಕ್ಷೀಣವಾದ ದನಿ ಬಂತು.

"ಯಾಕ ತಂಗಿ, ಹಿಂದ ಹಿಂದ ಹೊಂಟೈತಲ್ಲ. ಮತ್ತ ತವರಿಗೇ ಬಿಟ್ಟು ಬರಾಕತ್ತಾರೇನು?"

ಅತ್ತೆ ಬೈಯುತ್ತಿದ್ದಾರೆಂದರೆ ಬದುಕಿದ್ದಾರೆ ಎಂದರ್ಥ. ನನಗೆ ಎಡಬಲಗಳು ತಿರುಗಿ ಬಂದವು. ಗಾಡಿ ಬೆನ್ನು ಮುಂದಾಗಿ ಏರು ಹತ್ತಿತು.

ಧಾರವಾಡದ ದವಾಖಾನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಡಾಕ್ಟರರು ಹೊಟ್ಟೆ ಮುಟ್ಟಿ ನೋಡಿ, ಕರುಳಿನ ಒಂದು ತುದಿ ಕೊಳೆತಿದೆ, ಒಡೆಯುವುದರೊಳಗೆ ಕೊಯ್ದು ತೆಗೆಯಬೇಕು, ಆಮೇಲಿನದು ದೇವರ ಇಚ್ಛೆ ಎಂದು ಒಳಗೆ ಒಯ್ದರು. ಬಾಗಿಲು ಮುಚ್ಚಿತು. ಇಮಾಮಸಾಬ ಚಳಿಗೆ ಗದಗದ ನಡುಗುತ್ತಿದ್ದ. ಯಾರೋ ಕಂಬಳಿ ಕೊಟ್ಟು ಪಡಸಾಲೆಯಲ್ಲಿ ಕೂರಿಸಿದರು. ಸುದ್ದಿ ಮುಟ್ಟಿ ನನ್ನ ಅಪ್ಪ ಬಂದರು. ಮಾವನವರು ಮಾತ್ರ ಒಳಗೆ ಬರಲಿಲ್ಲ. ಹೊರಗಿನಿಂದ ಇಂಜಿನ್ನಿನ ಗುಡುಗುಡು ಒಂದೇ ಸಮನೆ ಕೇಳುತ್ತಿತ್ತು. ನರ್ಸಬಾಯಿ ಬಂದು ಅದನ್ನು ನಿಲ್ಲಿಸಲು ಹೇಳಿ ಹೋದರು. ನಿಲ್ಲಲಿಲ್ಲ. ಗೇಟಿನ ಕಾವಲುಗಾರ ಹೋಗಿ ಜಗಳವಾಡಿ ಬಂದ. ನಿಲ್ಲಲಿಲ್ಲ. ಒಳಗೆ ಹೆಂಡತಿಯ ಹೊಟ್ಟೆ ಕೊಯ್ಯುತ್ತಿರುವಾಗಲೂ ಈ ಮನುಷ್ಯನಿಗೆ ಇಂಜಿನ್ನಿನದೇ ಧ್ಯಾನವೇ ಎಂದು ನನಗೆ ಸಿಟ್ಟು ಬಂತು. ಅಪ್ಪ ನೋಡಿಬಂದು, ನಿಮ್ಮ ಮಾವನವರು ಪರಿಚಯದವರ ಮನೆಗೆ ಯಾರನ್ನೋ ಕಳಿಸಿ ಒಂದು ಬಾಟಲಿ ಪೆಟ್ರೋಲು ಕೇಳಿ ತರಿಸಿ ಹಾಕಿದರು ಎಂದಾಗ ಆ ಸಿಟ್ಟು ಇನ್ನೂ ಏರಿತು. ಪೆಟ್ರೋಲು ಔಷಧಿಗಿಂತ ದುರ್ಲಭವಾಗಿದ್ದ ದಿನಗಳು ಅವು!

ಹೊತ್ತು ಮುಳುಗುವ ಮುಂಚೆ ಬಾಗಿಲು ತೆರೆಯಿತು. ಡಾಕ್ಟರರು ಮುಖದ ಬಟ್ಟೆ ಬಿಚ್ಚುತ್ತ ಬಂದು, ಸರಿಯಾದ ಹೊತ್ತಿಗೆ ತಂದಿರಿ, ಉಳಿಯುತ್ತಾರೆ ಎಂದರು. ನಾನು ಹೊರಗೆ ಓಡಿದೆ.

ಮಳೆ ಇನ್ನೂ ಹನಿಯುತ್ತಿತ್ತು. ಮಾವನವರು ಗಾಡಿಯ ಮುಂದೆ ನಿಂತು ಇಂಜಿನ್ನಿಗೆ ಕೊಡೆ ಹಿಡಿದಿದ್ದರು. ತಲೆಯ ಪಟಕಾ ತೊಯ್ದು ಹೆಗಲಿಗೆ ಇಳಿದಿತ್ತು. ಮಧ್ಯಾಹ್ನದಿಂದ ಹಾಗೆಯೇ ನಿಂತಿದ್ದರೆಂದು ಕಾಣುತ್ತದೆ. ನನ್ನನ್ನು ನೋಡಿದರು. ಕೇಳಲು ಧೈರ್ಯವಿಲ್ಲದ ಮುಖ ಅದು.

"ಅತ್ತಿ ಉಳದ್ರು, ಮಾವಾರ. ಡಾಕ್ಟರ್ ಹೇಳಿದ್ರು. ಇನ್ನ ಇದನ್ನ ಆರಿಸ್ರಿ, ಒಳಗ ಬರ್ರಿ."

ಅವರು ಗಾಡಿಯೊಳಗೆ ಕೈ ಹಾಕಿ ಚಾವಿಯನ್ನು ಮುಟ್ಟಿದರು. ತಿರುವಲಿಲ್ಲ.

"ಆಕೀ ಇದರಾಗ ಬಂದಾಳವ್ವಾ," ಎಂದರು. "ಇದು ನಡದಿರೂತನಕ ಆಕೀನೂ... ನಿಂತುಗಿಂತ ಬಿಟ್ಟೀತು ಅಂತ ನನಗ..." ಆ ಕಡೆ ಮುಖ ತಿರುಗಿಸಿದರು.

ನಾನು ಅವರ ಕೈಯನ್ನು ಮೆಲ್ಲಗೆ ಸರಿಸಿ ಚಾವಿ ತಿರುವಿದೆ. ಇಂಜಿನ್ ನಿಂತಿತು. ಅದು ನಿಂತದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ. ಕೊಡೆಯನ್ನು ಅಲ್ಲೇ ಬಿಟ್ಟು, ಒದ್ದೆ ಧೋತರವನ್ನು ಎತ್ತಿ ಹಿಡಿದು, ಚಿಕ್ಕ ಹುಡುಗನ ಹಾಗೆ ದವಾಖಾನೆಯ ಮೆಟ್ಟಿಲು ಹತ್ತಿ ಓಡಿದರು.